ನಾಲ್ಕನೇ ಕ್ರಾಸಿನ ಹಂಪ್

ನಮ್ಮ ಬಡಾವಣೆಯ ಹೆಸರು ಕಾವೇರಿಧಾರೆ. ಹನ್ನೊಂದು ವರ್ಷದಿಂದ ಇಲ್ಲಿ ಧಾರೆಯಾಗಿ ಹರಿದದ್ದು ನನ್ನ ಅರ್ಜಿಗಳು ಮಾತ್ರ. ಹಿನಕಲ್ ದಾಟಿ ಸ್ವಲ್ಪ ಮುಂದೆ ಬಂದರೆ ಎಡಕ್ಕೆ ಒಂದು ಕಮಾನು ಸಿಗುತ್ತದೆ. ಅದರ ಮೇಲೆ ಸಿಮೆಂಟಿನ ಕಾವೇರಮ್ಮ ಕೊಡ ಬಗ್ಗಿಸಿಕೊಂಡು ನಿಂತಿದ್ದಾಳೆ. ಆ ಕೊಡದೊಳಗೆ ಪಾರಿವಾಳ ಗೂಡು ಕಟ್ಟಿದೆ.

ಮೊದಲು ನಾವು ಪಂಚಾಯಿತಿಗೆ ಹೋದರೆ, 'ನೀವು ಸಿಟಿಯೋರಲ್ವಾ' ಎನ್ನುತ್ತಿದ್ದರು. ಸಿಟಿಯ ಕಚೇರಿಗೆ ಹೋದರೆ, 'ನೀವಿನ್ನೂ ಹಳ್ಳಿಯೋರು' ಎನ್ನುತ್ತಿದ್ದರು. ಕಂದಾಯ ಕಟ್ಟುವ ದಿನ ಮಾತ್ರ ಇಬ್ಬರಿಗೂ ನಾವು ಹತ್ತಿರದ ನೆಂಟರು. ಈಗ ಪಂಚಾಯಿತಿ ಹೋಗಿ ದೊಡ್ಡ ಕಚೇರಿ ಬಂದಿದೆ. ಇನ್ನೂ ದೊಡ್ಡದು ಬರುತ್ತದಂತೆ. ಬೋರ್ಡು ಬದಲಾಗುತ್ತದೆ, ಬೋರ್ಡಿನ ಕೆಳಗೆ ಕೂತವರು 'ನಾಳೆ ಬನ್ನಿ' ಎನ್ನುವುದು ಬದಲಾಗುವುದಿಲ್ಲ. ಅಷ್ಟರಲ್ಲಿ ಹದಿನಾಲ್ಕು ಮನೆಗಳಿದ್ದ ಬಡಾವಣೆಯಲ್ಲಿ ಮುನ್ನೂರು ಮನೆಗಳು ಎದ್ದವು, ಮೂರು ಪಿಜಿಗಳು ಬಂದವು. ಎಲ್ಲಕ್ಕೂ ಸೇರಿ ಒಂದು ಬೋರ್‌ವೆಲ್. ಅದೂ ಬೇಸಿಗೆಯಲ್ಲಿ ಕೆಮ್ಮುತ್ತದೆ, ನೀರು ಕೊಡುವುದಿಲ್ಲ.

ನಾನು ಪ್ರಭುಸ್ವಾಮಿ. ವಯಸ್ಸು ಎಪ್ಪತ್ತಮೂರು. ದೇವರಾಜ ಮೊಹಲ್ಲಾದಲ್ಲಿ ನಮ್ಮದು ಪಾತ್ರೆ ಅಂಗಡಿ; ಈಗ ಅಲ್ಲಿ ಮಗ ಶಿವಕಿರಣ್ ಕೂರುತ್ತಾನೆ. ನಾನು ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷ. ನನ್ನನ್ನು ಯಾರೂ ಆರಿಸಲಿಲ್ಲ; ಬೇರೆ ಯಾರಿಗೂ ಬೇಕಾಗಿರಲಿಲ್ಲ, ಅಷ್ಟೆ. ನೀರಿಗಾಗಿ ನಲವತ್ತೊಂದು ಅರ್ಜಿ ಕೊಟ್ಟಿದ್ದೇನೆ. ಅವೈಜ್ಞಾನಿಕ ಹಂಪ್‌ಗಳನ್ನು ಕಿತ್ತುಹಾಕಿ ಎಂದು ಒಂಬತ್ತು ಕೊಟ್ಟಿದ್ದೇನೆ, ಏಕೆಂದರೆ ಅವುಗಳ ಮೇಲೆ ಸ್ಕೂಟರ್ ಹಾರಿ ಹಾರಿ ನನ್ನ ಸೊಂಟ ಕಳಚಿಕೊಂಡಿತ್ತು. ಕಚೇರಿಯವರು ಹೊಸದಾಗಿ ಮಾಡುವ ಕೆಲಸಕ್ಕಿಂತ ಕೀಳುವ ಕೆಲಸದಲ್ಲಿ ಚುರುಕು. ಬಡಾವಣೆಯ ಮೂರೂ ಹಂಪ್‌ಗಳು ಹೋದವು. ನಾಲ್ಕನೇ ಕ್ರಾಸಿನಲ್ಲಿ ಒಂದು ದೀಪದ ಕಂಬವಿದೆ. ಉಳಿದ ಕಂಬಗಳೆಲ್ಲ ಅಳತೆ ಹಿಡಿದು ನಿಂತಿದ್ದರೆ ಅದೊಂದು ಮಾತ್ರ ಎರಡು ಕಂಬಗಳ ನಡುವೆ, ಕರೆಯದೆ ಬಂದ ನೆಂಟನ ಹಾಗೆ ನಿಂತಿದೆ. ಅದನ್ನು ಸರಿಯಾದ ಜಾಗಕ್ಕೆ ಹಾಕಿ ಎಂದು ಆರು ಅರ್ಜಿ ಕೊಟ್ಟೆ. ಅದು ಮಾತ್ರ ಅಲ್ಲಾಡಲಿಲ್ಲ.

ನನ್ನ ಹೆಂಡತಿ ಸರ್ವಮಂಗಳೆ ಇದ್ದಿದ್ದರೆ ನಗುತ್ತಿದ್ದಳು. ಅವಳು ನನ್ನನ್ನು ಹೆಸರು ಹಿಡಿದು ಕರೆದವಳಲ್ಲ, ಆದರೆ ಬೈಯುವುದಕ್ಕೆ ಹೆಸರು ಬೇಕಾಗಿಯೂ ಇರಲಿಲ್ಲ. "ಊರಿಗೆ ಉಪಕಾರಿ, ಮನೆಗೆ ಮಾರಿ," ಎನ್ನುತ್ತಿದ್ದಳು. "ನನ್ನ ಮುಂದಿಂದಾನೇ ಹೋಯ್ತೀರ, ನನ್ನ ಮುಂದಿಂದಾನೇ ಬತ್ತೀರ. ಒಂದಿನಾನೂ ತಿರುಗಿ ನೋಡಲ್ಲ." ಅವಳು ಹೇಳುತ್ತಿದ್ದದ್ದು ಸುಳ್ಳಾಗಿರಲಿಲ್ಲ.

ಹದಿಮೂರು ವರ್ಷದ ಹಿಂದೆ ಅವಳು ಲಿಂಗೈಕ್ಯಳಾದಳು. ಆಗ ಈ ಬಡಾವಣೆ ಇರಲಿಲ್ಲ. ಇದು ನಮ್ಮ ಹೊಲವಾಗಿತ್ತು. ನಮ್ಮವರಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಪದ್ಮಾಸನ ಹಾಕಿ, ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ಬಿಲ್ವಪತ್ರೆಯ ನಡುವೆ ಕೂರಿಸುತ್ತೇವೆ. ಅವಳನ್ನೂ ನಮ್ಮ ಹೊಲದಲ್ಲಿ ಹಾಗೆಯೇ ಕೂರಿಸಿದೆವು. ಗುಣಿ ತೋಡಿದವನು ಹೊಲದಲ್ಲಿ ನನ್ನ ಜೊತೆ ಮೂವತ್ತು ವರ್ಷ ದುಡಿದ ಮಂಟೇಸ್ವಾಮಿ. ಮೇಲೆ ಒಂದು ಕಲ್ಲು ನಿಲ್ಲಿಸಿದೆವು, ಅದರಲ್ಲಿ ಸಣ್ಣ ಲಿಂಗ ಕೆತ್ತಿಸಿದೆ.

ವರ್ಷ ತುಂಬುವಷ್ಟರಲ್ಲಿ ಸುತ್ತಲಿನ ಹೊಲಗಳೆಲ್ಲ ಸೈಟಾದವು. ನಮ್ಮದೂ ಹೋಯಿತು. ಬಡಾವಣೆ ಮಾಡುವವನಿಗೆ ನಾನು ಒಂದೇ ಷರತ್ತು ಹಾಕಿದೆ: ಅವಳ ತಲೆಯ ಮೇಲೆ ಯಾರೂ ಮನೆ ಕಟ್ಟಬಾರದು, ಆ ಜಾಗ ಪಾರ್ಕ್ ಆಗಬೇಕು. ಆತ ನನ್ನ ಎರಡೂ ಕೈ ಹಿಡಿದುಕೊಂಡು ಒಪ್ಪಿದ. ಆಮೇಲೆ ನಾನು ಒಂದರ ಹಿಂದೆ ಒಂದು ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡು, ಬನ್ನಿಮಂಟಪದ ತಮ್ಮನ ಮನೆಯಲ್ಲಿ ಎರಡು ತಿಂಗಳು ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದೆ. ವಾಪಸು ಬಂದಾಗ ಹೊಲ ಮಟ್ಟವಾಗಿ, ರಸ್ತೆಗಳಾಗಿ, ಮೂಲೆಯಲ್ಲಿ ಪಾರ್ಕಿಗೆ ತಂತಿಬೇಲಿ ಬಿದ್ದಿತ್ತು. ಬೇಲಿಯೊಳಗೆ ಸರ್ವಮಂಗಳೆಯ ಕಲ್ಲು ನೆಟ್ಟಗೆ ನಿಂತಿತ್ತು. ಮಾತಿಗೆ ತಪ್ಪದ ಮನುಷ್ಯ ಎಂದು ಅವನಿಗೆ ಶಾಲು ಹೊದಿಸಿ ಸನ್ಮಾನ ಮಾಡಿದೆ.

ಅಂದಿನಿಂದ ದಿನಾ ಬೆಳಗ್ಗೆ ಆರು ಗಂಟೆಗೆ ನಾಲ್ಕನೇ ಕ್ರಾಸಿನ ಮೇಲೆ ಸ್ಕೂಟರ್ ಓಡಿಸಿಕೊಂಡು ಪಾರ್ಕಿಗೆ ಹೋಗುತ್ತಿದ್ದೆ. ಕಲ್ಲಿನ ಪಕ್ಕ ಕೂತು ಒಂದು ಪತ್ರೆ ಇಟ್ಟು, ಹಿಂದಿನ ದಿನ ಯಾವ ಅಧಿಕಾರಿ ಏನು ಸುಳ್ಳು ಹೇಳಿದ ಎಂದು ವರದಿ ಒಪ್ಪಿಸುತ್ತಿದ್ದೆ. ಬದುಕಿದ್ದಾಗ ಅವಳು ಇಷ್ಟು ಸಮಾಧಾನದಿಂದ ನನ್ನ ಮಾತು ಕೇಳಿದ್ದಿಲ್ಲ. ಮೂರು ವರ್ಷದ ಹಿಂದೆ ಪಾರ್ಕಿಗೆ ಓಪನ್ ಜಿಮ್ ಬಂತು. ವ್ಯಾಯಾಮ ಮಾಡುವವರು ತಮ್ಮ ಜಾಕೆಟ್ಟುಗಳನ್ನು ಅವಳ ಕಲ್ಲಿನ ಮೇಲೆ ನೇತುಹಾಕುತ್ತಿದ್ದರು. ನಾನು ಒಂದೊಂದನ್ನೂ ತೆಗೆದು ಬೇಲಿಯ ಮೇಲೆ ಎಸೆಯುತ್ತಿದ್ದೆ. ಅದು ಯಾರ ಕಲ್ಲು ಎಂದು ಯಾರಿಗೂ ಹೇಳಿರಲಿಲ್ಲ. ಸಮಾಧಿ ಎಂದು ಗೊತ್ತಾದರೆ ಪಾರ್ಕಿಗೆ ಜನ ಬರುವುದಿಲ್ಲ, ಜನ ಬರದಿದ್ದರೆ ಕಚೇರಿಯವರು ಕಸ ಹಾಕುತ್ತಾರೆ.

ಕಳೆದ ಮಾರ್ಚಿನಲ್ಲಿ ನಲವತ್ತೊಂದನೆಯ ಅರ್ಜಿಗೆ ಉತ್ತರ ಬಂತು. ಕಾವೇರಿಧಾರೆ ಬಡಾವಣೆಗೆ ಐದು ಲಕ್ಷ ಲೀಟರಿನ ಓವರ್‌ಹೆಡ್ ಟ್ಯಾಂಕ್ ಮಂಜೂರು. ಸೊಸೆ ರಕ್ಷಿತಾ ಅದನ್ನು ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದಳು. ಒಂದು ಗಂಟೆಯಲ್ಲಿ ನೂರಾ ಎಂಬತ್ತು ಕೈಮುಗಿದ ಚಿತ್ರಗಳು ಬಂದವು. ಯಾರೋ ನನಗೆ 'ಆಧುನಿಕ ಭಗೀರಥ' ಎಂದು ಬಿರುದು ಕೊಟ್ಟರು. ನಾನು ಬೇಡ ಬೇಡ ಎಂದು ಬರೆದು, ಆ ಮೆಸೇಜನ್ನು ತಮ್ಮನಿಗೂ ಬೀಗರಿಗೂ ಕಳಿಸಿದೆ.

ಮರುದಿನ ಕಚೇರಿಯ ಎಂಜಿನಿಯರ್ ನಿಶಾಂತ್ ಬಂದ. ಇನ್ನೂ ಮೂವತ್ತು ದಾಟದವನು; ಸುಳ್ಳು ಹೇಳುವಾಗ ಕಿವಿ ಕೆಂಪಗಾಗುತ್ತದೆ, ಅಷ್ಟರಮಟ್ಟಿಗೆ ಒಳ್ಳೆಯವನು. ಪಾರ್ಕಿಗೆ ಹೋಗಿ ಸುಣ್ಣದ ಪುಡಿಯಿಂದ ದೊಡ್ಡ ವೃತ್ತ ಬಿಡಿಸಿದ. ವೃತ್ತದ ನಟ್ಟನಡುವೆ ಸರ್ವಮಂಗಳೆಯ ಕಲ್ಲು.

"ಇದೇ ಎತ್ತರದ ಜಾಗ ಸರ್. ಬೇರೆ ಖಾಲಿ ಜಾಗವೇ ಇಲ್ಲ. ಅಧ್ಯಕ್ಷರು ನೀವೊಂದು ಒಪ್ಪಿಗೆ ಪತ್ರ ಕೊಟ್ಟರೆ ಸೋಮವಾರವೇ ಅಗೆಯೋಕೆ ಶುರು."

"ಪರಿಶೀಲಿಸಿ ತಿಳಿಸುತ್ತೇನೆ," ಎಂದೆ.

ಆ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಹೆದರಿಕೆಯಾಯಿತು. ಮುಂದಿನ ವಾರ ನಿಶಾಂತ್ ಫೋನ್ ಮಾಡಿದಾಗ, ಸಂಘದ ಸಭೆ ಕರೆಯಬೇಕು ಎಂದೆ. ಅದರ ಮುಂದಿನ ವಾರ, ಕೋರಂ ಇರಲಿಲ್ಲ ಎಂದೆ. ಆಮೇಲೆ ಸಂಘದ ಸೀಲು ಕಾಣುತ್ತಿಲ್ಲ ಎಂದೆ. ಸೀಲು ನನ್ನ ಜುಬ್ಬಾದ ಜೇಬಿನಲ್ಲೇ ಇತ್ತು. ಹನ್ನೊಂದು ವರ್ಷ ಕಚೇರಿಗಳನ್ನು ಸುತ್ತಿ ನಾನು ಕಲಿತ ವಿದ್ಯೆಯೆಲ್ಲ ಆ ಏಪ್ರಿಲ್ ತಿಂಗಳಲ್ಲಿ ಕೆಲಸಕ್ಕೆ ಬಂತು. ಬಿಸಿಲು ಏರಿತು, ಬೋರ್‌ವೆಲ್ ನಿಂತಿತು, ಟ್ಯಾಂಕರಿನ ಮುಂದೆ ಕೊಡಗಳ ಸಾಲು ಕಮಾನಿನವರೆಗೂ ಬೆಳೆಯಿತು.

ಒಂದು ಬೆಳಗ್ಗೆ ಸಂಘದ ಕಾರ್ಯದರ್ಶಿ ಇಂದ್ರಮ್ಮ ಪಾರ್ಕಿಗೇ ಬಂದರು. ಆಕೆ ನಿವೃತ್ತ ಪಿ.ಟಿ. ಟೀಚರ್, ಈಗಲೂ ಯಾರನ್ನಾದರೂ ಮಾತಾಡಿಸಿದರೆ ಎದುರಿದ್ದವರು ನೆಟ್ಟಗೆ ನಿಲ್ಲುತ್ತಾರೆ. ನಾನು ಕಲ್ಲಿನ ಪಕ್ಕ ಕೂತಿದ್ದೆ. ಆಕೆ ಖಾಲಿ ಕೊಡವನ್ನು ನನ್ನೆದುರು ಕುಕ್ಕಿದರು.

"ಪ್ರಭುಸ್ವಾಮಿಯೋರೆ, ಸೀಲು ಸಿಕ್ತಾ?"

"ಹುಡುಕ್ತಿದ್ದೀನಿ ಕಣಮ್ಮ."

"ಜೇಬಲ್ಲಿ ಉಬ್ಬಿಕೊಂಡು ಕಾಣ್ತಾ ಐತೆ. ನಿಜ ಹೇಳ್ಬುಡಿ. ಏನು ನಿಮ್ಮ ಸಂಕಟ?"

ಅಷ್ಟು ನೇರವಾಗಿ ನನ್ನನ್ನು ಕೇಳುವವಳು ಹದಿಮೂರು ವರ್ಷದ ಹಿಂದೆ ಹೋಗಿದ್ದಳು. ನಾನು ಹೇಳಿಬಿಟ್ಟೆ. ಇದು ನನ್ನ ಹೆಂಡತಿಯ ಸಮಾಧಿ, ಇವಳ ಮೇಲೆ ಐದು ಲಕ್ಷ ಲೀಟರ್ ನೀರು ಹೊರಿಸಲಾರೆ, ಬದುಕಿದ್ದಾಗಲೇ ಸಾಕಷ್ಟು ಹೊರಿಸಿದ್ದೇನೆ ಎಂದೆ.

ಇಂದ್ರಮ್ಮ ಕಲ್ಲನ್ನೊಮ್ಮೆ ನೋಡಿ ಚಪ್ಪಲಿ ಬಿಟ್ಟರು. ಕೈಮುಗಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ನನ್ನ ಕಡೆ ತಿರುಗಿದರು.

"ನಮ್ಮತ್ತೆ ಹಾಸಿಗೆ ಹಿಡಿದು ಎರಡು ವರ್ಷ ಆಯ್ತು ಕಣ್ರೀ. ದಿನಕ್ಕೆ ಮೂರು ಸಲ ಬಟ್ಟೆ ಬದಲಾಯಿಸ್ಬೇಕು, ಮೈ ಒರೆಸ್ಬೇಕು. ನಿನ್ನೆ ನೀರಿಲ್ಲದೆ ಅಂಗೇ ಮಲಗಿಸಿದ್ದೆ. ಆ ಮುದುಕಿ ನನ್ನ ಮುಖ ನೋಡೋಕೆ ನಾಚಿಕೊಂಡು ಗೋಡೆ ಕಡೆ ತಿರುಗಿಕೊಂಡ್ಳು. ಸತ್ತೋರಿಗೆ ಜಾಗ ಬೇಕು, ಒಪ್ತೀನಿ. ಸಾಯ್ತಿರೋರಿಗೆ ನೀರು ಬ್ಯಾಡ್ವಾ?"

ಸರ್ವಮಂಗಳೆ ಇದ್ದಿದ್ದರೆ ಅವಳೂ ಇದೇ ಮಾತು ಹೇಳುತ್ತಿದ್ದಳು ಎಂಬುದು ನನಗೆ ಗೊತ್ತಿತ್ತು. ಜೇಬಿನಿಂದ ಸೀಲು ತೆಗೆದು, ಇಂಕ್ ಪ್ಯಾಡ್ ಇಲ್ಲದ್ದರಿಂದ ಅದಕ್ಕೆ ಬಾಯಿಂದ ಹಾ ಎಂದು ಉಸಿರು ಬಿಟ್ಟು, ಅದೇ ಜೇಬಿನಲ್ಲಿದ್ದ, ನಿಶಾಂತ್ ಬರೆಸಿ ಕೊಟ್ಟಿದ್ದ ಒಪ್ಪಿಗೆ ಪತ್ರದ ಮೇಲೆ ಒತ್ತಿದೆ.

ಅವಳನ್ನು ಎಬ್ಬಿಸಿ ನಮ್ಮವರ ರುದ್ರಭೂಮಿಯಲ್ಲಿ ಮತ್ತೆ ಕೂರಿಸುವುದು ಎಂದು ಮನೆಯಲ್ಲಿ ತೀರ್ಮಾನವಾಯಿತು. ಮೊದಲು ತೋಡಿದವನೇ ಈಗಲೂ ತೋಡಬೇಕು ಎಂದು ನಾನು ಹಟ ಹಿಡಿದೆ. ಮಂಟೇಸ್ವಾಮಿ ಹಿನಕಲ್ಲಿನಲ್ಲಿ ಮಗಳ ಮನೆಯಲ್ಲಿದ್ದ. ಮೊದಲ ಸಲ ಹೋದಾಗ ಸೊಂಟ ನೋವು ಎಂದ. ಎರಡನೇ ಸಲ ಹೋದಾಗ ಮನೆಯಲ್ಲಿಲ್ಲ ಎಂದರು. ಒಳಗಿನಿಂದ ಅವನ ಕೆಮ್ಮು ಕೇಳಿಸುತ್ತಿತ್ತು. ಮೂರನೇ ಸಲ ರಕ್ಷಿತಾಳನ್ನು ಕರೆದುಕೊಂಡು ಹೋದೆ. ಅವಳು ಏನೂ ಕೇಳದೆ ಕಾರಿನ ಬಾಗಿಲು ತೆಗೆದು ನಿಂತಳು, ಮಂಟೇಸ್ವಾಮಿ ಹತ್ತಿ ಕೂತ.

ಸೋಮವಾರ ಬೆಳಗ್ಗೆ ಮಠದಿಂದ ಅಯ್ಯನವರು ಬಂದು ಮಂತ್ರ ಹೇಳಿದರು. ಕಲ್ಲನ್ನು ಪಕ್ಕಕ್ಕಿಟ್ಟೆವು. ಬಡಾವಣೆಯ ಅರ್ಧ ಜನ ಬೇಲಿಯ ಆಚೆ ನಿಂತಿದ್ದರು. ಜಾಕೆಟ್ ನೇತುಹಾಕಿದವರು ಎಲ್ಲರಿಗಿಂತ ಹಿಂದೆ ನಿಂತಿದ್ದರು. ಮಂಟೇಸ್ವಾಮಿ ಗುದ್ದಲಿ ಹಾಕಿದ. ಒಂದಡಿ ಹೋಯಿತು, ಎರಡಡಿ ಹೋಯಿತು. ನಾಲ್ಕು ಅಡಿಗೆ ಅವನು ಗುದ್ದಲಿ ಕೆಳಗಿಟ್ಟು ಬೆವರು ಒರೆಸಿಕೊಂಡ. ಅಗೆದ ಮಣ್ಣೆಲ್ಲ ಕೆಂಪಗೆ, ಗಟ್ಟಿಯಾಗಿ, ಒಂದು ಸಲವೂ ಕೈ ತಾಗದ ಮಣ್ಣು. ವಿಭೂತಿಯ ಒಂದು ಚೂರೂ ಇರಲಿಲ್ಲ.

"ಯಾಕೋ ನಿಲ್ಲಿಸಿದೆ?" ಎಂದೆ.

"ಅಗಿಯೋದ್ರಿಂದ ಉಪಯೋಗ ಇಲ್ಲ ಪ್ರಭಣ್ಣ," ಎಂದ. "ಅಕ್ಕ ಇಲ್ಲಿಲ್ಲ."

ಅಯ್ಯನವರು ಮಂತ್ರ ನಿಲ್ಲಿಸಿದರು.

ಮಂಟೇಸ್ವಾಮಿ ಗುಣಿಯಲ್ಲೇ ನಿಂತು ಎಲ್ಲ ಹೇಳಿದ. ನಾನು ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದಾಗ ಬಡಾವಣೆಯ ನಕ್ಷೆಗೆ ಮಂಜೂರಾತಿ ಬಂದಿತ್ತು. ಅದರಲ್ಲಿ ಪಾರ್ಕು ಒಂದು ಕಡೆ, ಸಮಾಧಿ ಇನ್ನೊಂದು ಕಡೆ. ನಕ್ಷೆ ಬದಲಾಯಿಸಬೇಕಾದರೆ ಮತ್ತೆರಡು ವರ್ಷ ಕಾಯಬೇಕು. ಕಲ್ಲು ಬದಲಾಯಿಸುವುದಕ್ಕೆ ಅರ್ಧ ಗಂಟೆ ಸಾಕು. ಆಗ ಅಲ್ಲಿ ಕಾವಲಿಗಿದ್ದವನು ಮಂಟೇಸ್ವಾಮಿಯೇ.

"ಜೆಸಿಬಿನೋರು ಎತ್ತಿ ಬಿಸಾಕ್ತೀವಿ ಅಂದ್ರು. ನಾನು ಮುಟ್ಟೋಕೆ ಬುಡಲಿಲ್ಲ. ಕಾಯಿ ಒಡೆದು ಕೈಮುಗಿದೆ. ಅಕ್ಕಾ, ಕಲ್ಲು ಮಾತ್ರ ತಕ್ಕೊಂಡೋಯ್ತಿವ್ನಿ, ನೀನು ಇಲ್ಲೇ ಕೂತಿರು, ಎದ್ದು ಬರಬ್ಯಾಡ ಅಂದೆ. ಆಮೇಲೆ ನಾನೇ ಹೊತ್ತು ತಂದು ಇಲ್ಲಿ ನಿಲ್ಲಿಸಿದೆ. ನಿಂಗೆ ಎಂಗೆ ಹೇಳ್ಲಿ? ಆ ಮನುಷ್ಯಂಗೆ ಶಾಲು ಹೊದಿಸ್ಬುಟ್ಟಿದ್ದೆ ನೀನು."

"ಎಲ್ಲಿದ್ದಾಳೆ ಹಾಗಾದರೆ?"

ಅವನು ಗುಣಿಯಿಂದ ಹತ್ತಿ ಬಂದು ನಡೆದ. ನಾನು ಅವನ ಹಿಂದೆ, ನನ್ನ ಹಿಂದೆ ಅಯ್ಯನವರು, ಇಂದ್ರಮ್ಮ, ರಕ್ಷಿತಾ, ನಿಶಾಂತ್, ಬಡಾವಣೆಯ ಅರ್ಧ ಜನ. ಸತ್ತು ಹದಿಮೂರು ವರ್ಷಕ್ಕೆ ಅವಳಿಗೆ ಇಷ್ಟು ದೊಡ್ಡ ಮೆರವಣಿಗೆ. ನಾಲ್ಕನೇ ಕ್ರಾಸಿನಲ್ಲಿ ಆ ಕಂಬದ ಹತ್ತಿರ ಮಂಟೇಸ್ವಾಮಿ ನಿಂತ. ಕಂಬಕ್ಕೆ ಬೆನ್ನು ಕೊಟ್ಟು ಏಳು ಹೆಜ್ಜೆ ಇಟ್ಟ. ರಸ್ತೆಯ ನಡುವೆ ಡಾಂಬರಿನ ಮೇಲೆ ಕೈ ತೋರಿಸಿದ.

"ಇಲ್ಲಿ. ಗುರುತು ತಪ್ಪಬಾರದು ಅಂತ ಲೈನ್‌ಮನ್ ಕೈಕಾಲು ಹಿಡಿದು ಕಂಬ ಇಲ್ಲೇ ನೆಡಿಸ್ದೆ. ನೀನು ಕೀಳ್ಸೋಕೆ ಅರ್ಜಿ ಕೊಟ್ಟಾಗೆಲ್ಲ ನನಗೆ ಜೀವ ಹೋಗಿ ಬತ್ತಿತ್ತು."

ಅವನ ಮೇಲೆ ಕೂಗಾಡಬೇಕು ಎಂದು ಬಾಯಿ ತೆರೆದೆ. ಬಂದದ್ದು ಅಳು. ಹನ್ನೊಂದು ವರ್ಷ ದಿನಾ ಬೆಳಗ್ಗೆ ಇದರ ಮೇಲೆಯೇ ಸ್ಕೂಟರ್ ಓಡಿಸಿಕೊಂಡು ಹೋಗಿ, ಬರಿಯ ಮಣ್ಣಿನ ಮುಂದೆ ಕೂತು ವರದಿ ಒಪ್ಪಿಸಿ, ಇದರ ಮೇಲೆಯೇ ವಾಪಸು ಬಂದಿದ್ದೇನೆ. ಅವಳ ಮುಂದಿನಿಂದಲೇ ಹೋಗಿದ್ದೇನೆ, ಅವಳ ಮುಂದಿನಿಂದಲೇ ಬಂದಿದ್ದೇನೆ. ರಸ್ತೆಯ ಮಧ್ಯೆ, ಎಲ್ಲರೆದುರು, ಮಗುವಿನ ಹಾಗೆ ಅತ್ತೆ. ಹಿಂದಿನಿಂದ ಒಬ್ಬ ಡೆಲಿವರಿಯವನು ಹಾರ್ನ್ ಹೊಡೆದ. ಇಂದ್ರಮ್ಮ ಅವನ ಕಡೆ ಒಂದು ಸಲ ನೋಡಿದರು, ಅವನು ಗಾಡಿ ಇಳಿದು ತಳ್ಳಿಕೊಂಡು ಹೋದ.

"ಮಾವ, ಇಲ್ಲಿಂದ ಎಬ್ಬಿಸೋಣ್ವಾ?" ಎಂದು ರಕ್ಷಿತಾ ಮೆಲ್ಲಗೆ ಕೇಳಿದಳು.

ನಾನು ಯೋಚಿಸಿದೆ. ರಸ್ತೆ ಅಗೆಯಲು ಅನುಮತಿಗೆ ಆರು ತಿಂಗಳು, ಅಗೆದದ್ದನ್ನು ಮುಚ್ಚಲು ಮೂರು ವರ್ಷ. ಸರ್ವಮಂಗಳೆಯನ್ನು ಆ ಕಚೇರಿಯ ಕೈಗೆ ಒಪ್ಪಿಸಲು ನನಗೆ ಮನಸ್ಸು ಬರಲಿಲ್ಲ. ಎದ್ದು ಬರಬೇಡ ಎಂದು ಮಂಟೇಸ್ವಾಮಿ ಹೇಳಿದ್ದನಂತೆ. ಅವಳು ಜೀವನದಲ್ಲಿ ಯಾರ ಮಾತನ್ನಾದರೂ ಕೇಳಿದ್ದರೆ ಅದು ಇದೊಂದೇ ಇರಬೇಕು.

"ಬೇಡ. ಕೂತಿರಲಿ," ಎಂದೆ.

ಪಾರ್ಕಿನಲ್ಲಿ ಟ್ಯಾಂಕಿನ ಕೆಲಸ ಶುರುವಾಯಿತು. ಕಲ್ಲನ್ನು ತಂದು ಕಂಬದ ಬುಡದಲ್ಲಿ ನಿಲ್ಲಿಸಿದೆವು. ಆದರೆ ನನಗೆ ನಿದ್ದೆ ಹೋಯಿತು. ನಾಲ್ಕನೇ ಕ್ರಾಸ್ ಈಗ ರಿಂಗ್ ರೋಡಿಗೆ ಒಳದಾರಿ. ಪಿಜಿಯ ಬೈಕುಗಳು, ಶಾಲೆಯ ಬಸ್ಸು, ಟ್ಯಾಂಕರು, ಎಲ್ಲ ಅವಳ ನೆತ್ತಿಯ ಮೇಲೆ ದಡದಡ ಓಡುತ್ತಿದ್ದವು. ನಾನು ಮೊದಲ ಸಲ ಕಚೇರಿಗೆ ನನಗಾಗಿ ಒಂದು ಅರ್ಜಿ ತೆಗೆದುಕೊಂಡು ಹೋದೆ. ನಿಶಾಂತ್ ಓದಿದ. ಅವನ ಕಿವಿ ಕೆಂಪಾಯಿತು, ಈ ಸಲ ಸಂಕೋಚಕ್ಕೆ.

"ಸರ್, ಹಂಪ್‌ಗೆ ಟ್ರಾಫಿಕ್‌ನವರ ಅನುಮತಿ ಬೇಕು. ಸಿಗಲ್ಲ. ಈ ಲೇಔಟ್‌ಗೆ ಹಂಪ್ ಬೇಡ ಅಂತ ಫೈಲಲ್ಲಿ ಒಂಬತ್ತು ಅರ್ಜಿ ಇವೆ."

"ಯಾರು ಕೊಟ್ಟದ್ದು?" ಎಂದು ಕೇಳುವಷ್ಟು ಮೂರ್ಖ ನಾನಾಗಿರಲಿಲ್ಲ. ಅರ್ಜಿ ಮಡಚಿ ಎದ್ದೆ.

ನಿಶಾಂತ್ ಬಾಗಿಲವರೆಗೂ ಬಂದ. "ಟ್ಯಾಂಕಿನ ಪೈಪು ನಾಲ್ಕನೇ ಕ್ರಾಸ್ ದಾಟಬೇಕು ಸರ್. ಅಮ್ಮನವರ ಜಾಗ ಬಿಟ್ಟು ಆಚೆಗೆ ತಗೋತೀನಿ. ಆಮೇಲೆ ಡಾಂಬರು ಹಾಕಿ ಮುಚ್ಚಬೇಕು. ಹಂಪ್ ಹಾಕೋಕೆ ಅನುಮತಿ ಬೇಕು. ರಸ್ತೆ ಸರಿಯಾಗಿ ಮುಚ್ಚದೇ ಇರೋಕೆ ಯಾರ ಅನುಮತಿಯೂ ಬೇಡ. ಅದು ನಮ್ಮಲ್ಲಿ ತಾನಾಗೇ ಆಗುತ್ತೆ."

ಹಾಗೆಯೇ ಆಯಿತು. ಪೈಪು ಹನ್ನೆರಡು ಅಡಿ ಆಚೆ ಹೋಯಿತು. ಮುಚ್ಚುವ ದಿನ ನಿಶಾಂತ್ ತಾನೇ ನಿಂತು, ಮಿಕ್ಕ ಡಾಂಬರನ್ನೆಲ್ಲ ಈಚೆಗೆ, ಅವಳ ಜಾಗದ ಮೇಲೆ ದಿಬ್ಬವಾಗಿ ಸುರಿಸಿ, ರೋಲರಿನವನನ್ನು ಕಾಫಿಗೆ ಕಳಿಸಿದ. ನನ್ನ ಜೀವಮಾನದಲ್ಲಿ ಆ ಕಚೇರಿ ಇಷ್ಟು ಮನಸ್ಸಿಟ್ಟು ಕೆಟ್ಟ ಕೆಲಸ ಮಾಡಿದ್ದನ್ನು ನಾನು ನೋಡಿರಲಿಲ್ಲ.

ಹಂಪ್ ಇದ್ದರೆ ಅದಕ್ಕೆ ಬಿಳಿ ಪಟ್ಟೆ ಬಳಿಯಬೇಕು ಎಂಬುದು ನನ್ನದೇ ಮೂರನೆಯ ಅರ್ಜಿಯಲ್ಲಿದ್ದ ಮಾತು. ರಕ್ಷಿತಾ ಡಬ್ಬಿ ಹಿಡಿದುಕೊಂಡಳು, ಮಂಟೇಸ್ವಾಮಿ ಗಾಡಿಗಳನ್ನು ತಡೆದ, ನಾನು ಬಗ್ಗಿ ಬಳಿದೆ. ಅಡ್ಡಡ್ಡವಾಗಿ ಮೂರು ಪಟ್ಟೆ, ದಿನಾ ಬೆಳಗ್ಗೆ ಅವಳು ಹಣೆಗೆ ವಿಭೂತಿ ಎಳೆದುಕೊಳ್ಳುತ್ತಿದ್ದ ಹಾಗೆ.

ಮೇ ಕೊನೆಯಲ್ಲಿ ಶ್ರೀರಂಗಪಟ್ಟಣದ ತವರಿಗೆ ಹೋಗಿದ್ದ ಇಂದ್ರಮ್ಮ ವಾಪಸು ಬಂದರು. ಹಂಪ್ ಆದದ್ದು ಅವರಿಗೆ ಗೊತ್ತಿರಲಿಲ್ಲ. ನಾನು ಕಂಬದ ಬುಡದಲ್ಲಿ ಕೂತು ಕಲ್ಲಿಗೆ ಪತ್ರೆ ಇಡುತ್ತಿದ್ದೆ. ಅವರ ಸ್ಕೂಟರ್ ಜೋರಾಗಿ ಬಂದು, ಕೊನೆಯ ಗಳಿಗೆಯಲ್ಲಿ ಬ್ರೇಕ್ ಹಿಡಿದು, ಮುಂದಕ್ಕೆ ತಲೆ ಬಗ್ಗಿಸಿ ಮೆಲ್ಲಗೆ ಹತ್ತಿ ಇಳಿಯಿತು.

"ಯಾವ ಅವಿವೇಕಿರೀ ಇಲ್ಲಿ ಹಂಪ್ ಹಾಕ್ಸಿದ್ದು?" ಎಂದು ಹೆಲ್ಮೆಟ್ಟಿನೊಳಗಿಂದ ಕೇಳಿದರು.

"ನಾನೇ ಕಣಮ್ಮ," ಎಂದೆ. "ಸ್ವಲ್ಪ ನಿಧಾನವಾಗಿ ಹೋಗಿ. ನಮ್ಮನೆಯವರು ಕೂತಿದ್ದಾರೆ."